ಹಾಲುಹಲ್ಲಿನ ಮಕ್ಕಳ ಕೈಯಲ್ಲಿ ಹೆಂಚು ಒಡೆಸಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆ ಬಿಡಿಸಿದಾಗ ಒಳಗಿಂದ ಒಂದು ಪಾಂಪ್ಲೆಟ್ ಜಾರಿ ಕಾಫಿ ಲೋಟದ ಪಕ್ಕ ಬಿತ್ತು. ಅದನ್ನು ಸಿಕ್ಕಿಸಿದ್ದು ನೀವಲ್ಲ, ನಸುಕಿನಲ್ಲಿ ಅಂಗಡಿ ಜಗಲಿಯ ಮೇಲೆ ಕೂತು ಪೇಪರ್ ಜೋಡಿಸುವ ಹುಡುಗರು ಅನ್ನುವುದು ಗೊತ್ತು. ಆದರೂ ಪತ್ರಿಕೆಯ ಹೊಟ್ಟೆಯೊಳಗೆ ಕೂತು ಬಂದದ್ದಕ್ಕೆ ಪತ್ರಿಕೆಯಲ್ಲೇ ಉತ್ತರ ಬರೆಯೋಣ ಅನ್ನಿಸಿತು. ಹಳದಿ ಕಾಗದ, ಕೆಂಪು ಅಕ್ಷರ. ‘3 ವರ್ಷದಿಂದಲೇ ಕರಾಟೆ! ನಿಮ್ಮ ಮಗು ಇನ್ನು ಯಾರಿಗೂ ಹೆದರುವುದಿಲ್ಲ! ಮೂರು ತಿಂಗಳಿಗೊಂದು ಬೆಲ್ಟ್!’ ಕೆಳಗೆ ಒಂದು ಫೋಟೊ. ನಾಲ್ಕು ವರ್ಷದವನಿರಬೇಕು, ತೋಳು ಎರಡು ಸುತ್ತು ಮಡಚಿದ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಮುಷ್ಟಿ ಎತ್ತಿ ನಿಂತಿದ್ದಾನೆ. ಅವನ ಮುಂದೆ ಎರಡು ಇಟ್ಟಿಗೆಯ ಮೇಲೆ ಅಡ್ಡ ಇಟ್ಟ ಒಂದು ಹೆಂಚು.

ಸಿಟ್ಟು ಬಂತು. ಅರ್ಧ ಸಿಟ್ಟು ನನ್ನ ಮೇಲೆಯೇ. 2010ರಲ್ಲಿ ಹೆಚ್ಚುಕಮ್ಮಿ ಇದೇ ಪಾಂಪ್ಲೆಟ್ಟನ್ನು ನಾನೂ ಅಚ್ಚು ಹಾಕಿಸಿದ್ದೆ. ಸಾವಿರ ಪ್ರತಿ, ಇದೇ ಹಳದಿ ಕಾಗದ. ಹಾಲ್ ಬಾಡಿಗೆ ಏರಿತ್ತು, ಹೈಸ್ಕೂಲು ಮಕ್ಕಳು ಟ್ಯೂಷನ್ ಅಂತ ಬಿಟ್ಟು ಹೋಗುತ್ತಿದ್ದರು. ಸಂಜೆ ಐದು ಗಂಟೆಗೆ ಖಾಲಿ ಇರುವವರು ಅಂದರೆ ಎಲ್‌ಕೆಜಿಯವರು ಮಾತ್ರ. ಹಾಗೆ ಶುರುವಾಯಿತು ನನ್ನ ‘ಪುಟಾಣಿ ಬ್ಯಾಚು’. ಬೋರ್ಡ್ ಹಾಕುವಾಗ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಾಲ್ ಮಾಲೀಕರು ಅಡ್ವಾನ್ಸ್ ಕೇಳಿದರು, ಅಷ್ಟೆ. ಮಕ್ಕಳ ಬಗ್ಗೆ ಏನು ಗೊತ್ತು ಅಂತ ಕೇಳಿದವರಿಲ್ಲ. ಏನೂ ಗೊತ್ತಿರಲಿಲ್ಲ ಅನ್ನಿ.

ನಾನು ಹನುಮಂತನಗರದಲ್ಲಿ ಇಪ್ಪತ್ತಾರು ವರ್ಷದಿಂದ ಕರಾಟೆ ಕಲಿಸುತ್ತಿದ್ದೇನೆ. ಪುಟಾಣಿ ಬ್ಯಾಚು ಇವತ್ತಿಗೂ ಇದೆ. ಹಾಗಾಗಿ ಈ ಕಾಗದ ಚಿಕ್ಕ ಮಕ್ಕಳಿಗೆ ಕರಾಟೆಯೇ ಬೇಡ ಅನ್ನುವವರದ್ದಲ್ಲ. ಅವರಿಗೆ ಕರಾಟೆ ಹೆಸರಿನಲ್ಲಿ ಏನು ಕೊಡುತ್ತಿದ್ದೇವೆ, ಅವರ ಅಪ್ಪ ಅಮ್ಮಂದಿರಿಗೆ ಏನು ಮಾರುತ್ತಿದ್ದೇವೆ ಅನ್ನುವುದರ ಬಗ್ಗೆ.

ಪಾಂಪ್ಲೆಟ್ಟಿನಲ್ಲಿ ಇಲ್ಲದ ಸಂಗತಿಗಳನ್ನು ಮೊದಲು ಹೇಳುತ್ತೇನೆ. ಮಂಗಳವಾರ, ಶನಿವಾರ, ಸಂಜೆ 5:15. ಹನ್ನೊಂದು ಮಕ್ಕಳು. ಬೋರ್ಡಿನ ಮೇಲೆ 45 ನಿಮಿಷ ಅಂತ ಬರೆದಿದ್ದೇನೆ. ಅದರಲ್ಲಿ ಏಳು ನಿಮಿಷ ಲಾಡಿ ಕಟ್ಟುವುದಕ್ಕೆ ಹೋಗುತ್ತದೆ. ಕರಾಟೆ ಪ್ಯಾಂಟಿನ ಲಾಡಿ ಗಂಟು ಬಿಗಿಯಾದರೆ ಮಗುವಿಗೆ ಬಿಚ್ಚಲು ಬರುವುದಿಲ್ಲ, ಸಡಿಲವಾದರೆ ಪ್ಯಾಂಟು ನಿಲ್ಲುವುದಿಲ್ಲ, ಒಬ್ಬರಿಗೆ ಸುಸ್ಸು ಬಂದರೆ ಎಲ್ಲರಿಗೂ ಬರುತ್ತದೆ. ಕೊನೆಗೆ ನಾನೇ ಎಲ್ಲರ ಪ್ಯಾಂಟಿಗೂ ಎಲಾಸ್ಟಿಕ್ ಹಾಕಿಸಿದೆ. ಇಪ್ಪತ್ತಾರು ವರ್ಷದ ಅನುಭವದಲ್ಲಿ ನಾನು ಮಾಡಿದ ಅತಿ ದೊಡ್ಡ ಸುಧಾರಣೆ ಅದೇ ಇರಬಹುದು. ಎಡ ಬಲ ಗೊತ್ತಿಲ್ಲ, ಅದಕ್ಕೆ ಎಲ್ಲರ ಬಲಗೈಗೂ ಕೆಂಪು ರಬ್ಬರ್ ಬ್ಯಾಂಡು. ‘ಸೆನ್ಸೈ’, ಅಂದರೆ ಜಪಾನಿಯಲ್ಲಿ ಗುರು, ಅನ್ನಬೇಕು ಅಂತ ಕಲಿಸಿದ್ದೇನೆ, ಒಬ್ಬರೂ ಅನ್ನುವುದಿಲ್ಲ. ‘ಮಿಸ್’ ಅನ್ನುತ್ತಾರೆ, ನಿದ್ದೆಗಣ್ಣಲ್ಲಿ ‘ಅಮ್ಮಾ’ ಅನ್ನುತ್ತಾರೆ. ಹೋದ ತಿಂಗಳು ಒಬ್ಬ ಸಾಲಿನಲ್ಲಿ ಕೂತವನು ಹಾಗೇ ಪಕ್ಕಕ್ಕೆ ವಾಲಿ ಮ್ಯಾಟಿನ ಮೇಲೆ ಮಲಗಿಬಿಟ್ಟ. ಎಬ್ಬಿಸಲಿಲ್ಲ. ಬೆಳಿಗ್ಗೆ ಎಂಟಕ್ಕೆ ವ್ಯಾನ್ ಹತ್ತಿದ ಮಗು.

ಉಳಿದ ಅರ್ಧ ಗಂಟೆಯಲ್ಲಿ ನಡೆಯುವುದು ಹೆಚ್ಚಾಗಿ ಆಟ. ನಮ್ಮ ಕಾಲದ ‘ಕೆರೆ-ದಡ’ ನೆನಪಿದೆಯೇ? ನೆಲದ ಮೇಲೆ ಗೆರೆ ಎಳೆದು ‘ಕೆರೆ’ ಅಂದರೆ ಒಳಗೆ, ‘ದಡ’ ಅಂದರೆ ಹೊರಗೆ ಹಾರಬೇಕು. ಕೂಗುವವರು ‘ಕೆರೆ, ದಡ, ಕೆರೆ, ದಡ’ ಅನ್ನುತ್ತಾ ಹೋಗಿ, ಇದ್ದಕ್ಕಿದ್ದಂತೆ ‘ದಡ, ದಡ’ ಅಂದುಬಿಡುತ್ತಾರೆ. ಆಗ ಹಾರದೆ ನಿಂತವರೇ ಗೆದ್ದವರು. ನಾಲ್ಕು ವರ್ಷದ ಮಗುವಿಗೆ ಹಾರುವುದು ಸುಲಭ, ಹಾರಬೇಕು ಅನ್ನಿಸಿದಾಗ ಹಾರದೆ ಇರುವುದು ಕಷ್ಟ. ಏಕಾಗ್ರತೆ ಏಕಾಗ್ರತೆ ಅಂತ ಪಾಂಪ್ಲೆಟ್ಟಿನಲ್ಲಿ ಹೊಡೆದುಕೊಳ್ಳುತ್ತಾರಲ್ಲ, ಆ ವಯಸ್ಸಿನಲ್ಲಿ ಅದು ಇಷ್ಟೇ. ಎತ್ತಿದ ಕಾಲು ನಿಲ್ಲಿಸುವುದು. ಇದಕ್ಕೆ ಜಪಾನಿ ಹೆಸರು ಕೊಟ್ಟು ಫೀಸು ತೆಗೆದುಕೊಳ್ಳುತ್ತೇನೆ ಅನ್ನುವ ನಾಚಿಕೆ ನನಗಿದೆ. ಆದರೆ ನಮ್ಮ ಕ್ರಾಸ್‌ನಲ್ಲಿ ಎರಡೂ ಬದಿ ಕಾರು ನಿಲ್ಲಿಸಿ, ನಡುವೆ ಡೆಲಿವರಿ ಬೈಕುಗಳು ನುಗ್ಗುವಾಗ, ಕೆರೆ-ದಡದ ಗೆರೆ ಎಳೆಯಲು ಮಕ್ಕಳಿಗೆ ಜಾಗ ಎಲ್ಲಿದೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 3-4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು, ಅದರಲ್ಲಿ ಒಂದು ಗಂಟೆ ಏದುಸಿರು ಬರುವಷ್ಟು. ಕೂತು ಸ್ಕ್ರೀನ್ ನೋಡುವುದು ಒಂದು ಗಂಟೆ ಮೀರಬಾರದು. ನಮ್ಮಲ್ಲಿ ಈ ಲೆಕ್ಕ ತಿರುಗುಮುರುಗು. ವಾರಕ್ಕೆ ಎರಡು ಸಲ ನನ್ನ ಹತ್ತಿರ ಕಳಿಸಿದರೆ ಆ ಮೂರು ಗಂಟೆ ತುಂಬುವುದಿಲ್ಲ ಅಂತ ನಾನೇ ಹೇಳುತ್ತೇನೆ. ‘ಇರ್ಲಿ ಮಿಸ್, ಅಷ್ಟೊತ್ತಾದ್ರೂ ಫೋನ್ ಬಿಡ್ತಾನಲ್ಲ’ ಅನ್ನುತ್ತಾರೆ.

ಆಟ ಬಿಟ್ಟರೆ ನಾನು ನಿಜಕ್ಕೂ ಕಲಿಸುವುದು ಬೀಳುವುದನ್ನು. ಇದು ಕರಾಟೆಯದಲ್ಲ, ಜೂಡೊದಿಂದ ಕಡ ತಂದದ್ದು. 1882ರಲ್ಲಿ ಟೋಕಿಯೊದಲ್ಲಿ ಜಿಗೊರೊ ಕಾನೊ ಜೂಡೊ ಶಾಲೆ ತೆರೆದರು. ಆ ವಿದ್ಯೆಯಲ್ಲಿ ಎಸೆಯುವುದಕ್ಕಿಂತ ಮೊದಲು ಎಸೆಸಿಕೊಳ್ಳುವುದು ಕಲಿಯಬೇಕು. ಗದ್ದ ಎದೆಗೆ ಅಂಟಿಸಿ, ಬೆನ್ನು ಚಕ್ಕುಲಿಯಂತೆ ಸುತ್ತಿ, ಅಂಗೈಯಿಂದ ನೆಲಕ್ಕೆ ಪಟ್ ಅಂತ ಬಡಿಯುವುದು. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತಿನಲ್ಲಿ ಬಲವಿಲ್ಲ. ಹಿಂದಕ್ಕೆ ಬಿದ್ದರೆ ಮೊದಲು ನೆಲ ಮುಟ್ಟುವುದೇ ಬುರುಡೆ. ಅದಕ್ಕೇ ‘ಹೊಟ್ಟೆ ನೋಡ್ಕೋ, ಹೊಟ್ಟೆ ನೋಡ್ಕೋ’ ಅಂತ ನಾನು ಕೂಗುತ್ತಿರುತ್ತೇನೆ. ಹೊಟ್ಟೆ ನೋಡಿಕೊಂಡರೆ ಗದ್ದ ತಾನಾಗಿ ಒಳಗೆ ಹೋಗುತ್ತದೆ. ಬಗ್ಗಿದ ಮಂಡಿಯಿಂದ ಶುರು, ತಿಂಗಳಾದ ಮೇಲೆ ಕುಕ್ಕರಗಾಲಿನಿಂದ, ನಿಂತ ಎತ್ತರದಿಂದ ಬೀಳುವುದಕ್ಕೆ ಆತುರವಿಲ್ಲ. ಮಕ್ಕಳಿಗೆ ಇದು ಬಹಳ ಇಷ್ಟ. ಎಷ್ಟು ಇಷ್ಟ ಅಂದರೆ ಒಬ್ಬಳು ಚಿಕ್ಕಪ್ಪನ ಮದುವೆಯಲ್ಲಿ ಧಾರೆ ನಡೆಯುವಾಗ ರೇಷ್ಮೆ ಲಂಗದಲ್ಲೇ ಹಿಂದಕ್ಕೆ ಬಿದ್ದು ಕಾರ್ಪೆಟ್ ಬಡಿದು ತೋರಿಸಿದಳಂತೆ. ಅವರಮ್ಮ ಬಂದು ನನ್ನನ್ನೇ ಬೈದರು.

ಇನ್ನು ಹೆಂಚಿನ ವಿಷಯ. ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯದೆ ಈ ಕಾಗದಕ್ಕೆ ಅರ್ಥವಿಲ್ಲ.

2011ರ ಡಿಸೆಂಬರ್. ಒಂದು ನರ್ಸರಿ ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮ ಪುಟಾಣಿಗಳ ಡೆಮೊ ಇತ್ತು. ಕೊನೆಯಲ್ಲಿ ಏನಾದರೂ ‘ಪಂಚ್’ ಇರಲಿ ಅಂದರು. ಹೆಂಚು ಒಡೆಸೋಣ ಅಂದೆ. ಇದರ ಗುಟ್ಟು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ಹೆಂಚಿನ ಹಿಂಬದಿಯಲ್ಲಿ ಗರಗಸದಿಂದ ಒಂದು ಗೀರು ಹಾಕಿಟ್ಟರೆ ಸಾಕು, ಅಂಗೈ ಇಟ್ಟರೆ ಎರಡು ಹೋಳು. ಐದು ವರ್ಷದ ಹುಡುಗಿಯನ್ನು ಆರಿಸಿದ್ದೆ, ಬ್ಯಾಚಿನಲ್ಲಿ ಚುರುಕಿನವಳು. ಆ ಸಂಜೆ ಗಡಿಬಿಡಿಯಲ್ಲಿ ಗೀರು ಹಾಕಿದ ಹೆಂಚು ಯಾವುದು, ಹಾಕದ್ದು ಯಾವುದು ಅಂತ ಬದಲಾಗಿ ಹೋಯಿತು. ಅವಳು ‘ಕಿಯಾ’ ಅಂತ ಕಿರುಚಿ ಹೊಡೆದಳು. ಒಡೆಯಲಿಲ್ಲ. ಜನ ಚಪ್ಪಾಳೆ ಹೊಡೆದು ಹುರಿದುಂಬಿಸಿದರು. ಎರಡನೇ ಸಲ ಹೊಡೆದಳು. ಮೂರನೇ ಸಲ ಹೊಡೆದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ, ನಿಲ್ಲಿಸಲಿಲ್ಲ. ಮುನ್ನೂರು ಜನರೆದುರು ನಿಲ್ಲಿಸುವುದಕ್ಕೆ ನನಗೆ ಮುಜುಗರವಾಯಿತು. ಕೆರೆ-ದಡದಲ್ಲಿ ಎತ್ತಿದ ಕಾಲು ನಿಲ್ಲಿಸಲು ಕಲಿಸುವವಳು ನಾನು.

ಪರದೆ ಹಿಂದೆ ಬಂದಾಗ ಅವಳ ಕಿರುಬೆರಳಿನ ಬುಡ ಊದಿಕೊಂಡಿತ್ತು. ಅಳುತ್ತಿರಲಿಲ್ಲ. ‘ಮಿಸ್, ಮುರೀಲಿಲ್ಲ ಮಿಸ್’ ಅಂದಳು. ತಪ್ಪು ತನ್ನದು ಅಂದುಕೊಂಡಿದ್ದಳು. ಎಕ್ಸ್‌ರೇ ತೆಗೆಸಿದೆವು, ಮೂಳೆ ಮುರಿದಿರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಮಾತ್ರ ಮರೆತಿಲ್ಲ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಪದರ ಇರುತ್ತದೆ, ಅದಿನ್ನೂ ಗಟ್ಟಿ ಮೂಳೆಯಲ್ಲ, ಮೆತ್ತಗಿರುತ್ತದೆ. ಅಲ್ಲಿಗೆ ಜೋರು ಪೆಟ್ಟು ಬಿದ್ದರೆ ಆ ಮೂಳೆ ಮುಂದೆ ನೆಟ್ಟಗೆ ಬೆಳೆಯದೆ ಹೋಗಬಹುದು. ‘ನೀವು ದೊಡ್ಡವರ ಕೈಗೆ ಮಾಡೋದನ್ನ ಈ ಕೈಗೆ ಮಾಡ್ತಿದೀರಲ್ಲಮ್ಮಾ’ ಅಂದರು. ಅವತ್ತಿನಿಂದ ನಮ್ಮಲ್ಲಿ ಹೆಂಚಿಲ್ಲ. ಗೆಣ್ಣಿನ ಮೇಲೆ ಪುಷ್ಅಪ್ಸ್ ಇಲ್ಲ. ಮಂಡಿಯ ಮೇಲೆ ಕೂತು ಒತ್ತಿ ಸ್ಪ್ಲಿಟ್ ಮಾಡಿಸುವುದಿಲ್ಲ. ಆ ಹುಡುಗಿ ಮತ್ತೆ ಕ್ಲಾಸಿಗೆ ಬರಲಿಲ್ಲ. ಬಸ್ ಸ್ಟಾಪಿನಲ್ಲಿ ಅವರಮ್ಮ ಸಿಕ್ಕರೆ ನಾನು ಈಗಲೂ ಮೊದಲು ಕೈ ಹೇಗಿದೆ ಅಂತಲೇ ಕೇಳುತ್ತೇನೆ. ಅವಳೀಗ ಡಿಗ್ರಿ ಮಾಡುತ್ತಿದ್ದಾಳೆ.

ನಮ್ಮಪ್ಪ ಇದ್ದಿದ್ದರೆ ಆಗಲೇ ಉಗಿದಿರುತ್ತಿದ್ದರು. ಅವರು ಕಬ್ಬನ್‌ಪೇಟೆಯವರು, ಮಗ್ಗದ ಮನೆ. ಸಂಜೆ ಮಗ್ಗ ನಿಲ್ಲಿಸಿ ಗರಡಿಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ಅದಕ್ಕೇ ನಾನು ಕರಾಟೆಗೆ ಸೇರಿದ್ದು. ಆ ಕಥೆ ಬೇರೆ. ಗರಡಿಗೆ ನಾಲ್ಕೈದು ವರ್ಷದ ಗಂಡುಹುಡುಗರೂ ಅಪ್ಪನ ಹಿಂದೆ ಬರುತ್ತಿದ್ದರಂತೆ. ಉಸ್ತಾದರು ಓಡಿಸುತ್ತಿರಲಿಲ್ಲ. ಕೆಮ್ಮಣ್ಣು ಜರಡಿ ಹಿಡಿಯಲು ಬಿಡುತ್ತಿದ್ದರು, ಹನುಮಂತನ ಪಟಕ್ಕೆ ಹೂವು ಇಡಿಸುತ್ತಿದ್ದರು, ಮಣ್ಣಿನಲ್ಲಿ ಹೊರಳಾಡಿದರೆ ಸುಮ್ಮನಿರುತ್ತಿದ್ದರು. ಬಸ್ಕಿ ಹೊಡೆಯುವವರ ಪಕ್ಕ ನಿಂತು ತಾವೂ ನಾಲ್ಕು ಸಲ ಎದ್ದು ಕೂತರೆ ನಗುತ್ತಿದ್ದರು. ಪಟ್ಟು ಹೇಳಿಕೊಡಿ ಅಂತ ಯಾರಾದರೂ ಕೇಳಿದರೆ ಮಾತ್ರ ಒಂದೇ ಉತ್ತರ. ‘ಹಲ್ಲು ಬಿದ್ದು ಹುಟ್ಲಿ, ಆಮೇಲೆ ನೋಡಣ.’ ಹಾಲುಹಲ್ಲು ಬೀಳುವುದು ಆರು, ಏಳಕ್ಕೆ. ಕೇರಳದ ಕಳರಿಯಲ್ಲೂ ಮಕ್ಕಳನ್ನು ಸಾಂಪ್ರದಾಯಿಕವಾಗಿ ಸೇರಿಸುತ್ತಿದ್ದದ್ದು ಏಳಕ್ಕೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಒಕಿನಾವಾದ ಶಾಲೆಗಳಿಗೆ ಕರಾಟೆ ತಂದ ಇತೋಸು ಅಂಕೊ ಕೂಡ ಶಾಲಾಮಕ್ಕಳಿಗೆ ಅಂತ ಬೇರೆ, ಸರಳವಾದ ಕತಾಗಳನ್ನು, ಅಂದರೆ ಒಬ್ಬರೇ ಮಾಡುವ ಚಲನೆಗಳ ಸರಣಿಗಳನ್ನು, ಕಟ್ಟಿದರು. ನಾವು ಇವತ್ತಿಗೂ ಮಕ್ಕಳಿಗೆ ಮೊದಲು ಕಲಿಸುವ ‘ಹೇಯಾನ್ ಶೊದಾನ್’ ಅಲ್ಲಿಂದ ಬಂದದ್ದೇ. ಅದರಲ್ಲಿ 21 ಚಲನೆ. ಏಳು ವರ್ಷದವರು ಎರಡು ಮೂರು ತಿಂಗಳಲ್ಲಿ ಕಲಿಯುತ್ತಾರೆ. ನಾಲ್ಕು ವರ್ಷದವರಿಗೆ ಒಂದು ವರ್ಷ ಉರು ಹೊಡೆಸಿದರೂ ಎಂಟನೆಯದಕ್ಕೆ ತಿರುಗುವಾಗ ಗೋಡೆ ಮೇಲಿನ ಹಲ್ಲಿ ಕಾಣಿಸಿಬಿಡುತ್ತದೆ. ಅದು ಮಗುವಿನ ತಪ್ಪಲ್ಲ, ಹಲ್ಲಿಯದೂ ಅಲ್ಲ.

ಬೆಲ್ಟಿನ ವ್ಯಾಪಾರದ ಬಗ್ಗೆ ಜಾಸ್ತಿ ಹೇಳಲಾರೆ, ಎಲ್ಲರಿಗೂ ಗೊತ್ತಿರುವುದೇ. ಬೆಲ್ಟಿನ ಬಣ್ಣ ಅಂದರೆ ಕಲಿತ ಮಟ್ಟ. ಬಿಳಿ, ಹಳದಿ ನಡುವೆ ಈಗ ಬಿಳಿಗೆ ಒಂದು ಹಳದಿ ಗೆರೆ, ಎರಡು ಹಳದಿ ಗೆರೆ ಅಂತ ಬಂದಿವೆ. ಗೆರೆಗೊಂದು ಟೆಸ್ಟು, ಟೆಸ್ಟಿಗೊಂದು ಫೀಸು. ‘ಪಕ್ಕದ ಅಪಾರ್ಟ್‌ಮೆಂಟಿನ ಮಗು ಆಗಲೇ ಯೆಲ್ಲೋ, ನಮ್ಮವನು ಇನ್ನೂ ವೈಟಲ್ಲೇ ಇದಾನೆ’ ಅಂತ ಕೇಳುವ ತಂದೆತಾಯಿಗಳಿಗೆ ನನ್ನ ಬಳಿ ಇರುವ ಉತ್ತರ ಒಂದೇ, ಆ ಯೆಲ್ಲೋ ಬೆಲ್ಟಿನ ಗಂಟನ್ನು ಮಗು ತಾನೇ ಕಟ್ಟಿಕೊಳ್ಳುತ್ತದಾ ನೋಡಿ. ಇನ್ನು ಟೂರ್ನಮೆಂಟು. ‘ಅಂಡರ್ 5’ ಕುಮಿತೆ, ಅಂದರೆ ಇಬ್ಬರ ಕಾದಾಟ, ಅಂತ ಮಾಡುತ್ತಾರೆ, ಹೆಲ್ಮೆಟ್ ಹಾಕಿ ಎದುರುಬದುರು ನಿಲ್ಲಿಸುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಈ ಕುರಿತು ಒಂದು ವರದಿಯನ್ನೇ ಪ್ರಕಟಿಸಿತು. ಒಬ್ಬರನ್ನೊಬ್ಬರು ಮುಟ್ಟದ ಅಭ್ಯಾಸ ಮಕ್ಕಳಿಗೆ ಒಳ್ಳೆಯದೇ, ಹೊಡೆದಾಡುವ ಅಭ್ಯಾಸವನ್ನು ಮೈಯೂ ಮನಸ್ಸೂ ಬಲಿಯುವ ತನಕ ಮುಂದೂಡಿ, ಮೆತ್ತನೆ ಹೆಲ್ಮೆಟ್ ಮೆದುಳಿಗಾಗುವ ಆಘಾತವನ್ನು ತಡೆಯುತ್ತದೆ ಅಂತ ನಂಬಿ ಕೂರಬೇಡಿ ಅನ್ನುವುದು ಅದರ ಸಾರ. ಜೂಡೊ ಹುಟ್ಟಿದ ಜಪಾನಿನಲ್ಲೇ 2022ರಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯಾವಳಿಯನ್ನು ಅಲ್ಲಿನ ಜೂಡೊ ಒಕ್ಕೂಟ ನಿಲ್ಲಿಸಿಬಿಟ್ಟಿತು. ಗೆಲುವೊಂದೇ ಮುಖ್ಯ ಅನ್ನುವ ಹುಚ್ಚು ದೊಡ್ಡವರಿಗೆ ಹತ್ತಿದೆ ಅನ್ನುವುದು ಅವರು ಕೊಟ್ಟ ಕಾರಣ. ಅಲ್ಲಿ ಹತ್ತು ಹನ್ನೊಂದು ವರ್ಷದವರಿಗೇ ಬೇಡ ಅಂದರು. ಇಲ್ಲಿ ನಾವು ಬಾಟಲಿ ಹಾಲು ಬಿಡದವರಿಗೆ ಮೆಡಲ್ ಹಾಕುತ್ತಿದ್ದೇವೆ.

ಆದರೆ ನನಗೆ ಬೆಲ್ಟಿಗಿಂತ, ಹೆಂಚಿಗಿಂತ ಹೆಚ್ಚು ಭಯ ಹುಟ್ಟಿಸುವುದು ಆ ಪಾಂಪ್ಲೆಟ್ಟಿನ ಒಂದು ಸಾಲು. ‘ನಿಮ್ಮ ಮಗು ಇನ್ನು ಯಾರಿಗೂ ಹೆದರುವುದಿಲ್ಲ.’ ಪತ್ರಿಕೆಯಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಬಂದ ಮರುದಿನ ನನ್ನ ಫೋನು ಹೊಡೆದುಕೊಳ್ಳಲು ಶುರುವಾಗುತ್ತದೆ. ಹೆಣ್ಣುಮಕ್ಕಳ ತಾಯಂದಿರು. ‘ಮಿಸ್, ಮೂರೂವರೆ ಆಗಿದೆ, ತಗೋತೀರಾ?’ ಅವರ ದನಿಯಲ್ಲಿರುವ ಆತಂಕ ನನಗೆ ಅರ್ಥವಾಗುತ್ತದೆ, ನಾನೂ ಮಗಳನ್ನು ಬೆಳೆಸಿದವಳು. ಆದರೆ ಹದಿನೈದು ಕೆಜಿಯ ಮಗು ಎಪ್ಪತ್ತು ಕೆಜಿಯ ಗಂಡಸನ್ನು ಯಾವ ಒದೆಯಿಂದಲೂ ಬೀಳಿಸುವುದಿಲ್ಲ. ಇದನ್ನು ಯಾವ ಮಾಸ್ಟರ್ ಬೇರೆ ಥರ ಹೇಳಿದರೂ ಅದು ಸುಳ್ಳು. ಇನ್ನೊಂದು ಸಂಗತಿ ಅಂದರೆ, ಇಂಥ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರು. ನೆಂಟರು, ನೆರೆಯವರು, ವ್ಯಾನಿನವರು, ಹೌದು, ಮೇಷ್ಟ್ರುಗಳು. ಅಂಥವರೆದುರು ಮಗು ಮುಷ್ಟಿ ಎತ್ತುವುದಿಲ್ಲ. ಹೇಳಿದ ಮಾತು ಕೇಳುತ್ತದೆ.

ನಾವು ಕರಾಟೆ ಕ್ಲಾಸಿನಲ್ಲಿ ಕಲಿಸುವುದೂ ಅದನ್ನೇ ಅಲ್ಲವೇ? ಸಾಲಾಗಿ ನಿಲ್ಲು, ಬಗ್ಗಿ ನಮಸ್ಕರಿಸು, ಪ್ರಶ್ನೆ ಕೇಳಬೇಡ, ಗುರು ಹೇಳಿದ್ದಕ್ಕೆ ‘ಓಸ್’, ಅಂದರೆ ‘ಆಯ್ತು’, ಅನ್ನು. ಇದನ್ನು ಶಿಸ್ತು ಅಂತ ಮಾರುತ್ತೇವೆ, ಅದೇ ಕಾಗದದಲ್ಲಿ ಆತ್ಮರಕ್ಷಣೆ ಅಂತಲೂ ಮಾರುತ್ತೇವೆ. ನನಗೆ ಇದು ಹೊಳೆಯಲು ಹನ್ನೆರಡು ವರ್ಷ ಬೇಕಾಯಿತು. ಈಗ ಪ್ರತಿ ಶನಿವಾರ ಕೊನೆಯ ಐದು ನಿಮಿಷ ‘ಬೇಡ’ ಆಟ. ನಾನು ಒಂದೊಂದು ಮಗುವಿನ ಹತ್ತಿರ ಹೋಗುತ್ತೇನೆ. ಕೈ ಹಿಡಿಯಲಾ, ಕಚಗುಳಿ ಇಡಲಾ, ಕೆನ್ನೆ ಹಿಂಡಲಾ ಅನ್ನುತ್ತೇನೆ. ಮಗು ಹೊಟ್ಟೆಯಿಂದ ದನಿ ತೆಗೆದು ‘ಬೇಡ!’ ಅನ್ನಬೇಕು. ಅಂದ ತಕ್ಷಣ ನಾನು ನಿಂತಲ್ಲೇ ನಿಲ್ಲಬೇಕು. ಆಮೇಲೆ ಅದು ಓಡಿಹೋಗಿ ಗೋಡೆ ಪಕ್ಕ ಕೂತ ತನ್ನವರಿಗೆ ‘ಮಿಸ್ ಹಿಂಗಂದ್ರು’ ಅಂತ ಜೋರಾಗಿ ಹೇಳಬೇಕು. ಮೊದಲ ವಾರ ಯಾರ ಬಾಯಿಂದಲೂ ದನಿ ಬರುವುದಿಲ್ಲ. ಮಿಸ್‌ಗೆ ಬೇಡ ಅನ್ನುವುದೇ? ನಾಲ್ಕನೇ ವಾರಕ್ಕೆ ಹಾಲಿನ ಕಿಟಕಿ ಗಾಜು ನಡುಗುತ್ತದೆ. ಒಮ್ಮೆ ಒಬ್ಬರು ಅಜ್ಜಿ ಎದ್ದು ನಿಂತು ಕೇಳಿದರು, ‘ಏನಮ್ಮಾ, ದೊಡ್ಡೋರಿಗೆ ಎದುರು ಮಾತಾಡೋದು ದುಡ್ಡು ಕೊಟ್ಟು ಕಲಿಸ್ಬೇಕಾ?’ ಹೌದಜ್ಜಿ ಅಂದೆ. ಅವರು ಮುಂದಿನ ವಾರವೂ ಮೊಮ್ಮಗಳನ್ನು ಕರೆದುಕೊಂಡು ಬಂದರು, ಮುಖ ಮಾತ್ರ ಗಂಟಿಕ್ಕಿತ್ತು. ಕಿಯಾ ಅಂತ ಕಿರುಚುವುದನ್ನು ನಾವು ಇಷ್ಟು ವರ್ಷ ಕಲಿಸಿದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು. ಹಾಲಿನ ಬಾಗಿಲಲ್ಲಿ ಮಕ್ಕಳ ಸಹಾಯವಾಣಿ 1098 ಅಂತ ದೊಡ್ಡದಾಗಿ ಬರೆಸಿದ್ದೇನೆ. ಅದು ಮಕ್ಕಳಿಗಲ್ಲ, ಹೊರಗೆ ಚಪ್ಪಲಿ ಬಿಡುವ ದೊಡ್ಡವರಿಗೆ.

ಮಕ್ಕಳನ್ನು ಸೇರಿಸುವ ತಂದೆತಾಯಿಗಳಿಗೆ ಹೇಳುವುದಿಷ್ಟೆ. ಗೋಡೆ ಮೇಲಿನ ಸರ್ಟಿಫಿಕೇಟು ಆಮೇಲೆ ನೋಡಿ, ಮೊದಲು ನೆಲ ನೋಡಿ. ಗ್ರಾನೈಟ್ ಮೇಲೆ ಬರೀ ಜಮಖಾನೆ ಹಾಸಿದ್ದರೆ ವಾಪಸ್ ಬನ್ನಿ. ಟಾಯ್ಲೆಟ್ ಎಲ್ಲಿದೆ, ಅಲ್ಲಿಗೆ ಮಗುವಿನ ಜೊತೆ ಯಾರು ಹೋಗುತ್ತಾರೆ ಕೇಳಿ. ‘ಪೇರೆಂಟ್ಸ್ ಕೂತರೆ ಮಕ್ಕಳ ಕಾನ್ಸಂಟ್ರೇಷನ್ ಹೋಗುತ್ತೆ, ಹೊರಗೆ ಇರಿ’ ಅನ್ನುವ ಕ್ಲಾಸಿಗೆ ಕಾಲಿಡಬೇಡಿ. ನಾನೂ ಹಿಂದೆ ಹಾಗೇ ಅನ್ನುತ್ತಿದ್ದೆ. ಕಾನ್ಸಂಟ್ರೇಷನ್ ಹೋಗುತ್ತಿದ್ದದ್ದು ನನ್ನದು. ಮಗು ಅತ್ತು ಬರಲ್ಲ ಅಂದರೆ ಆರು ತಿಂಗಳು ಬಿಟ್ಟು ನೋಡಿ, ಕರಾಟೆ ಎಲ್ಲೂ ಓಡಿಹೋಗುವುದಿಲ್ಲ. ಮನೆಗೆ ಬಂದ ನೆಂಟರ ಮುಂದೆ ‘ಒಂದು ಕಿಕ್ ಮಾಡಿ ತೋರ್ಸು ಪುಟ್ಟ’ ಅನ್ನಬೇಡಿ. ತಂಗಿಗೆ ಒದ್ದಾಗ ಬಂದು ನನ್ನನ್ನು ಕೇಳಬೇಡಿ.

ಪೇಪರ್ ಹಾಕುವ ಹುಡುಗರಿಗೆ ಪಾಂಪ್ಲೆಟ್ ಸಿಕ್ಕಿಸಿದ್ದಕ್ಕೆ ನಾಲ್ಕು ಕಾಸು ಸಿಗುತ್ತದೆ, ಅದು ತಪ್ಪಬಾರದು. ಅಚ್ಚು ಹಾಕಿಸುವ ನನ್ನ ಕಸುಬಿನವರಲ್ಲಿ ಮಾತ್ರ ಒಂದು ಬೇಡಿಕೆ. ಮುಂದಿನ ಸಲ ಆ ಹುಡುಗನ ಫೋಟೊದಿಂದ ಹೆಂಚು ತೆಗೆದುಬಿಡಿ. ಅವನು ಬರಿಗೈಯಲ್ಲೂ ಚೆನ್ನಾಗಿ ಕಾಣುತ್ತಾನೆ.

ಸಂಪಾದಕರೇ, ನನ್ನ ಹೆಸರು, ಹಾಲಿನ ವಿಳಾಸ, ಫೋನ್ ನಂಬರನ್ನು ನಿಮ್ಮ ನಿಯಮದಂತೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ಹಾಕಿದರೆ ಇದೂ ಇನ್ನೊಂದು ಪಾಂಪ್ಲೆಟ್ ಆಗಿಬಿಡುತ್ತದೆ.

ಇಂತಿ,
ಒಬ್ಬ ಕರಾಟೆ ಶಿಕ್ಷಕಿ
ಹನುಮಂತನಗರ, ಬೆಂಗಳೂರು